ಆಕಾಶದ ಅಪರಿಚಿತ ಬೆಳಕಿನ ಫೋಟೊದಲ್ಲಿ ಏನೇನು ಇರಬೇಕು?

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಸಮೀಪದ ಕಾಫಿ ಬೆಳೆಗಾರರು. ಜನವರಿಯ ಒಂದು ಸಂಜೆ 7.20ರ ಹೊತ್ತಿಗೆ ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲು ಮುಚ್ಚುತ್ತಿದ್ದಾಗ, ತಡಿಯಂಡಮೋಳ್ ಶಿಖರದ ಸ್ವಲ್ಪ ಎಡಕ್ಕೆ, ಬೆಟ್ಟದ ಸಾಲಿನ ಮೇಲೆ ಒಂದು ಪ್ರಖರವಾದ ಬಿಳಿ ಬೆಳಕು ಕಂಡಿತು. ಮೂರು ನಾಲ್ಕು ನಿಮಿಷ ಅಲುಗಾಡದೆ ನಿಂತಿದ್ದು ಆಮೇಲೆ ಒಮ್ಮೆಲೇ ಆರಿಹೋಯಿತು. ಶಬ್ದವೇನೂ ಕೇಳಲಿಲ್ಲ. ಮಗ ಮೊಬೈಲಿನಲ್ಲಿ ಜೂಮ್ ಮಾಡಿ ತೆಗೆದ ಫೋಟೊದಲ್ಲಿ ಅದು ಕಪ್ಪು ಅಂಚಿರುವ ತಟ್ಟೆಯ ಹಾಗಿದೆ. ಜೂಮ್ ಮಾಡದೆ ತೆಗೆದ ಇನ್ನೊಂದು ಫೋಟೊದಲ್ಲಿ, ನಮ್ಮ ಕಣ್ಣಿಗೆ ಕಾಣದೇ ಇದ್ದ ಹಸಿರು ಬಣ್ಣದ ಅಂಡಾಕಾರದ ವಸ್ತುವೊಂದು ಆಕಾಶದಲ್ಲಿ ಮೂಡಿದೆ. ಎರಡನ್ನೂ ಕಳಿಸಿದ್ದೇವೆ. ಇವು ಏನು? ಮುಂದೆ ಇಂಥದ್ದು ಕಂಡರೆ ನಾಲ್ಕು ಜನ ಒಪ್ಪುವ ಹಾಗೆ ಫೋಟೊ ತೆಗೆಯುವುದು ಹೇಗೆ?

ಉತ್ತರ: ನಿಮ್ಮ ಎರಡು ಫೋಟೊಗಳಲ್ಲಿ ಇರುವುದು ಎರಡು ಬೇರೆ ಬೇರೆ ಸಂಗತಿಗಳು. ಒಂದೇ ಸಂಜೆ, ಒಂದೇ ಜಾಗದಲ್ಲಿ ತೆಗೆದವು ಎಂಬ ಕಾರಣಕ್ಕೆ ಅವುಗಳನ್ನು ಒಟ್ಟಿಗೆ ಸೇರಿಸಿ ಯೋಚಿಸಿದರೆ ಗೊಂದಲವಾಗುತ್ತದೆ. ಆದ್ದರಿಂದ ಮೊದಲು ಸುಲಭವಾದುದನ್ನು, ಅಂದರೆ ಹಸಿರು ವಸ್ತುವಿನ ಫೋಟೊವನ್ನು ನೋಡೋಣ.

ಆ ಫೋಟೊದ ಅಗಲ 4000 ಪಿಕ್ಸೆಲ್, ಎತ್ತರ 3000 ಪಿಕ್ಸೆಲ್. ಹಾಗಾಗಿ ಅದರ ನಡುಬಿಂದು ಎಡ ಅಂಚಿನಿಂದ 2000, ಮೇಲಿನ ಅಂಚಿನಿಂದ 1500 ಪಿಕ್ಸೆಲ್ ದೂರದಲ್ಲಿದೆ. ಕೆಳಗೆ ಬಲಭಾಗದಲ್ಲಿ ನಿಮ್ಮ ಕಣದ ಮೂಲೆಯ ಕಂಬದ ದೀಪ ಉರಿಯುತ್ತಿದೆ. ಅದು ಎಡದಿಂದ 3200, ಮೇಲಿನಿಂದ 2500 ಪಿಕ್ಸೆಲ್ ದೂರದಲ್ಲಿದೆ. ಆ ದೀಪದಿಂದ ನಡುಬಿಂದುವಿನ ಮೂಲಕ ಒಂದು ಗೆರೆ ಎಳೆದು, ಆಚೆ ಬದಿಗೆ ಅಷ್ಟೇ ದೂರ ಮುಂದುವರಿಸಿದರೆ ನಾವು ತಲಪುವ ಜಾಗ ಎಡದಿಂದ 800, ಮೇಲಿನಿಂದ 500. ಹಸಿರು ವಸ್ತು ಇರುವುದು ಸರಿಯಾಗಿ ಅಲ್ಲೇ. ಇದು ಕಾಕತಾಳೀಯವಲ್ಲ. ಮೊಬೈಲಿನ ಕ್ಯಾಮೆರಾದಲ್ಲಿ ಒಂದರ ಹಿಂದೊಂದು ಅನೇಕ ಸಣ್ಣ ಮಸೂರಗಳಿವೆ. ಪ್ರಖರವಾದ ದೀಪವೊಂದು ಚೌಕಟ್ಟಿನೊಳಗೆ ಬಂದಾಗ ಅದರ ಬೆಳಕಿನ ಸ್ವಲ್ಪ ಭಾಗ ಸೆನ್ಸರ್‌ಗೂ ಮಸೂರಗಳ ಮೇಲ್ಮೈಗಳಿಗೂ ನಡುವೆ ಹಿಂದೆ ಮುಂದೆ ಪ್ರತಿಫಲಿಸಿ, ನಡುಬಿಂದುವಿನ ಎದುರು ಬದಿಯಲ್ಲಿ ಒಂದು ಹುಸಿ ಬಿಂಬವನ್ನು ಮೂಡಿಸುತ್ತದೆ. ಮಸೂರಗಳಿಗೆ ಬಳಿದಿರುವ ಲೇಪನದಿಂದಾಗಿ ಅದು ಹೆಚ್ಚಾಗಿ ಹಸಿರು ಅಥವಾ ನೀಲಿ ಬಣ್ಣಕ್ಕಿರುತ್ತದೆ. ನಿಮ್ಮ ಕಣ್ಣಿಗೆ ಅದು ಕಾಣದಿದ್ದುದಕ್ಕೆ ಕಾರಣವೂ ಇದೇ: ಅದು ಆಕಾಶದಲ್ಲಿ ಇರಲೇ ಇಲ್ಲ. ಇದನ್ನು ನೀವೇ ಪರೀಕ್ಷಿಸಬಹುದು. ಇವತ್ತು ಸಂಜೆ ಅದೇ ದೀಪ ಉರಿಸಿ, ಅದೇ ಜಾಗದಲ್ಲಿ ನಿಂತು, ಮೊಬೈಲನ್ನು ನಿಧಾನವಾಗಿ ಅತ್ತಿತ್ತ ತಿರುಗಿಸುತ್ತ ಪರದೆಯನ್ನು ನೋಡಿ. ದೀಪ ಪರದೆಯ ಬಲಕ್ಕೆ ಸರಿದರೆ ಹಸಿರು ಚುಕ್ಕೆ ಎಡಕ್ಕೆ ಓಡುತ್ತದೆ, ದೀಪ ಆರಿಸಿದರೆ ಚುಕ್ಕೆಯೂ ಹೋಗುತ್ತದೆ.

ತಟ್ಟೆಯ ಫೋಟೊ ಇದಕ್ಕಿಂತ ಸ್ವಾರಸ್ಯಕರವಾದದ್ದು, ಏಕೆಂದರೆ ಅಲ್ಲಿ ನಿಜವಾಗಿಯೂ ಒಂದು ಬೆಳಕು ಇತ್ತು. ಆದರೆ ಅದರ ತಟ್ಟೆಯ ಆಕಾರ ಬೆಳಕಿನದಲ್ಲ, ಕ್ಯಾಮೆರಾದ್ದು. ಕತ್ತಲೆಯ ಆಕಾಶದಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆ ಇದ್ದಾಗ ಮೊಬೈಲಿನ ಆಟೊಫೋಕಸ್‌ಗೆ ಹಿಡಿದುಕೊಳ್ಳಲು ಏನೂ ಸಿಗದೆ ಅದು ಹತ್ತಿರಕ್ಕೆ ಫೋಕಸ್ ಆಗಿ ನಿಂತುಬಿಡುತ್ತದೆ. ಹಾಗೆ ಫೋಕಸ್ ತಪ್ಪಿದ ಬೆಳಕಿನ ಬಿಂದು ಮಸೂರದ ರಂಧ್ರದ ಆಕಾರವನ್ನೇ ತಳೆದು ಹರಡಿಕೊಳ್ಳುತ್ತದೆ: ರಂಧ್ರ ದುಂಡಗಿದ್ದರೆ ತಟ್ಟೆ, ಆರು ಎಲೆಗಳದ್ದಾದರೆ ಷಟ್ಕೋನ. ಇದರ ಮೇಲೆ ಮೊಬೈಲಿನ ಸಾಫ್ಟ್‌ವೇರ್ ಚಿತ್ರವನ್ನು ಚುರುಕುಗೊಳಿಸಲು ಹೋಗಿ ಅಂಚಿಗೆ ಕಪ್ಪು ಬಳೆಯೊಂದನ್ನು ತೊಡಿಸುತ್ತದೆ. ಅಮೆರಿಕದ ನೌಕಾಪಡೆಯವರು ಚಿತ್ರೀಕರಿಸಿದ, ತ್ರಿಕೋನಾಕಾರದ ವಸ್ತುಗಳು ಹಾರುವಂತೆ ತೋರುವ ವಿಡಿಯೊವೊಂದು ಬಹಳ ಸದ್ದು ಮಾಡಿತ್ತು. 2022ರ ಮೇ 17ರಂದು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ನೌಕಾಪಡೆಯ ಗುಪ್ತಚರ ವಿಭಾಗದ ಅಧಿಕಾರಿ ಸ್ಕಾಟ್ ಬ್ರೇ, ರಾತ್ರಿದೃಷ್ಟಿ ಉಪಕರಣದ ಮೂಲಕ ಹಾದ ಬೆಳಕನ್ನು ಕ್ಯಾಮೆರಾದಲ್ಲಿ ಸೆರೆಹಿಡಿದುದರಿಂದಲೇ ತ್ರಿಕೋನ ಮೂಡಿತೆಂದು ವಿವರಿಸಿದರು. ತರಬೇತಿ ಪಡೆದವರ ಉಪಕರಣಗಳಲ್ಲೇ ಹೀಗಾಗುವಾಗ ನಮ್ಮ ಮೊಬೈಲಿನಲ್ಲಿ ಆಗುವುದು ಸಹಜ.

ಜೂಮ್ ಮಾಡಿದ್ದರಿಂದ ನಿಮಗೆ ಹೆಚ್ಚಿನ ವಿವರವೇನೂ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಸಾಮಾನ್ಯ ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಆಕಾಶದ ಒಂದು ಡಿಗ್ರಿಗೆ ಸುಮಾರು 60 ಪಿಕ್ಸೆಲ್ ದಕ್ಕುತ್ತದೆ. ಅರ್ಧ ಡಿಗ್ರಿ ಅಗಲದ ಹುಣ್ಣಿಮೆಯ ಚಂದ್ರನೇ ಅದರಲ್ಲಿ 30 ಪಿಕ್ಸೆಲ್. 35 ಮೀಟರ್ ರೆಕ್ಕೆಯಗಲದ ಪ್ರಯಾಣಿಕ ವಿಮಾನ 25 ಕಿಲೊಮೀಟರ್ ದೂರದಲ್ಲಿದ್ದರೆ ಅದಕ್ಕೆ ಸಿಗುವುದು ಐದು ಪಿಕ್ಸೆಲ್ ಮಾತ್ರ. ಬೆರಳಿನಿಂದ ಪರದೆಯನ್ನು ಹಿಗ್ಗಿಸಿದಾಗ ಆ ಐದು ಪಿಕ್ಸೆಲ್‌ಗಳೇ ದೊಡ್ಡದಾಗುತ್ತವೆ. ನಡುವಿನ ಜಾಗವನ್ನು ಸಾಫ್ಟ್‌ವೇರ್ ತನ್ನ ಊಹೆಯಿಂದ ತುಂಬುತ್ತದೆ.

ಹಾಗಾದರೆ ಆ ಬೆಳಕು ಏನು? ನನ್ನ ಅಂದಾಜಿನಲ್ಲಿ ಅದು ನಿಮ್ಮ ಕಡೆಗೇ ಮುಖಮಾಡಿ ಬರುತ್ತಿದ್ದ ವಿಮಾನದ ಮುಂಭಾಗದ ದೀಪ. ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ಶುರುವಾಯಿತು. ನಾಪೋಕ್ಲಿನಿಂದ ನೇರ ಗೆರೆ ಎಳೆದರೆ ಅದು ದಕ್ಷಿಣ ನೈರುತ್ಯಕ್ಕೆ ಸುಮಾರು 45 ಕಿಲೊಮೀಟರ್ ದೂರ, ಅಂದರೆ ನಿಮ್ಮ ಕಣದಲ್ಲಿ ನಿಂತು ನೋಡುವವರಿಗೆ ತಡಿಯಂಡಮೋಳ್ ಶಿಖರದ ಎಡಭಾಗಕ್ಕೇ ಬರುತ್ತದೆ. ವಿಮಾನಗಳು ಸಾಮಾನ್ಯವಾಗಿ 10,000 ಅಡಿ ಎತ್ತರ ದಾಟುವವರೆಗೆ ಪ್ರಖರವಾದ ಲ್ಯಾಂಡಿಂಗ್ ದೀಪಗಳನ್ನು ಹಚ್ಚಿಕೊಂಡಿರುತ್ತವೆ. ನೇರವಾಗಿ ನಮ್ಮತ್ತ ಬರುವ ವಿಮಾನ ಅತ್ತಿತ್ತ ಸರಿಯುವುದಿಲ್ಲವಾದ್ದರಿಂದ ನಿಂತಲ್ಲೇ ನಿಂತಂತೆ ತೋರುತ್ತದೆ; ಆ ದೂರದಿಂದ ಸದ್ದೂ ಕೇಳಿಸದು. ಅದು ದಿಕ್ಕು ಬದಲಿಸಿದ ಅಥವಾ ಪೈಲಟ್ ದೀಪ ಆರಿಸಿದ ಕ್ಷಣದಲ್ಲಿ ಬೆಳಕು ಒಮ್ಮೆಲೇ ಇಲ್ಲವಾಗುತ್ತದೆ. ಸಂಜೆಯ ಆಕಾಶದಲ್ಲಿ ಇಷ್ಟೇ ಪ್ರಖರವಾಗಿರುವ ಶುಕ್ರಗ್ರಹವನ್ನೂ ಅನುಮಾನಿಸಬಹುದಿತ್ತು, ಆದರೆ ಮೋಡವಿಲ್ಲದ ಆಕಾಶದಲ್ಲಿ, ಬೆಟ್ಟದ ಮೇಲೆ ನಿಂತಿರುವಾಗಲೇ ಅದು ಹಾಗೆ ಥಟ್ಟನೆ ಆರುವುದಿಲ್ಲ. ವಿಮಾನಗಳ ಸಂಚಾರವನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರೇಡಾರ್24ನಂಥ ತಾಣಗಳಲ್ಲಿ ಕಳೆದ ಕೆಲವು ದಿನಗಳ ಹಾರಾಟವನ್ನು ಮತ್ತೆ ಓಡಿಸಿ ನೋಡಬಹುದು. ಮುಂದಿನ ಸಲ ಏನಾದರೂ ಕಂಡರೆ ಅಂದೇ ರಾತ್ರಿ ಆ ಕೆಲಸ ಮಾಡಿಬಿಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಪರಿಚಿತ ವಸ್ತುವಿನ ಫೋಟೊಗೆ ಬೆಲೆ ಬರುವುದು ಅದರಲ್ಲಿರುವ ಪರಿಚಿತ ವಸ್ತುಗಳಿಂದ. ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಚುಕ್ಕೆ ಮಾತ್ರ ಇರುವ ಚಿತ್ರದಿಂದ ಎತ್ತರ, ದಿಕ್ಕು, ವೇಗ ಯಾವುದನ್ನೂ ತಿಳಿಯಲಾಗದು. ಅದೇ ಚುಕ್ಕೆಯ ಕೆಳಗೆ ಬೆಟ್ಟದ ಸಾಲು, ಪಕ್ಕದಲ್ಲಿ ನಿಮ್ಮ ತೋಟದ ಸಿಲ್ವರ್ ಮರ, ಮೂಲೆಯಲ್ಲಿ ಮನೆಯ ಹಂಚಿನ ಅಂಚು ಇದ್ದರೆ, ಮರುದಿನ ಹಗಲಿನಲ್ಲಿ ಅದೇ ಜಾಗದಲ್ಲಿ ನಿಂತು ಎಲ್ಲವನ್ನೂ ಅಳೆಯಬಹುದು. ಅಮೆರಿಕದ ಒರೆಗಾನ್ ರಾಜ್ಯದ ಮ್ಯಾಕ್‌ಮಿನ್‌ವಿಲ್ ಬಳಿಯ ತಮ್ಮ ಜಮೀನಿನಲ್ಲಿ ಪಾಲ್ ಟ್ರೆಂಟ್ ಎಂಬ ಕೃಷಿಕರು 1950ರ ಮೇ ತಿಂಗಳಲ್ಲಿ ತೆಗೆದ, ಹಾರುವ ತಟ್ಟೆಯಂಥ ವಸ್ತುವಿನ ಎರಡು ಫೋಟೊಗಳ ಬಗ್ಗೆ ಇಂದಿಗೂ ಚರ್ಚೆ ನಡೆಯುತ್ತಿದೆ. ಕಾರಣ, ಆ ಚೌಕಟ್ಟಿನಲ್ಲಿ ತಲೆಯ ಮೇಲಿನ ತಂತಿಗಳೂ ಕಟ್ಟಡವೂ ಇವೆ, ಮೂಲ ನೆಗೆಟಿವ್‌ಗಳೂ ತಜ್ಞರ ಕೈಗೆ ಸಿಕ್ಕಿದ್ದವು. ಅದು ತಂತಿಗೆ ತೂಗುಹಾಕಿದ ಮಾದರಿ ಎಂದು ವಾದಿಸುವವರೂ, ಅಲ್ಲವೆನ್ನುವವರೂ ಅದೇ ತಂತಿಗಳನ್ನೇ ಅಳೆದು ವಾದಿಸುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಆಕಾಶದ ಅಪರಿಚಿತ ವಿದ್ಯಮಾನಗಳ ಬಗ್ಗೆ ನಾಸಾದ ಅಧ್ಯಯನ ತಂಡ ಕೊಟ್ಟ ವರದಿಯೂ ಇದೇ ಮಾತನ್ನು ಒತ್ತಿ ಹೇಳಿತು: ಒಂದೇ ವಸ್ತುವನ್ನು ಹಲವು ಕಡೆಯಿಂದ ಅಳೆದ, ಸಮಯ, ಸ್ಥಳಗಳ ವಿವರ ಸರಿಯಾಗಿರುವ ಮಾಹಿತಿಯೇ ಕಡಿಮೆ.

ಆದ್ದರಿಂದ ಬೆಳಕು ಕಂಡ ಕೂಡಲೇ ಮೊಬೈಲನ್ನು ಕಾಂಪೌಂಡಿನ ಗೋಡೆಗೋ ಬೇಲಿಯ ಕಂಬಕ್ಕೋ ಒತ್ತಿ ಹಿಡಿದು, ಜೂಮ್ ಮಾಡದೆ, ನೆಲದ ಭಾಗವೂ ಬರುವಂತೆ ಮೊದಲ ಫೋಟೊ ತೆಗೆಯಿರಿ. ಕಣದ ದೀಪವನ್ನು ಆರಿಸಿ, ಅಥವಾ ಅದು ಚೌಕಟ್ಟಿನೊಳಗೆ ಬರದಂತೆ ನಿಲ್ಲಿ. ಚಳಿಗಾಲದಲ್ಲಿ ನಮ್ಮಲ್ಲಿ ಸಂಜೆಯಾಗುತ್ತಲೇ ಇಬ್ಬನಿ ಇಳಿಯುವುದರಿಂದ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಿ. ತೇವದ ಪೊರೆಯಿದ್ದರೆ ಪ್ರತಿಯೊಂದು ದೀಪಕ್ಕೂ ಪ್ರಭಾವಳಿ ಬರುತ್ತದೆ. ‘ನೈಟ್ ಮೋಡ್’ ಬಳಸಬೇಡಿ ಎಂದು ನಾನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಅದು ಕೆಲವು ಸೆಕೆಂಡುಗಳ ಅನೇಕ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಚಲಿಸಿದ ವಸ್ತುವನ್ನು ಅಳಿಸಿಬಿಡಬಹುದು ಅಥವಾ ತುಂಡು ತುಂಡು ಮಾಡಿ ಇಡಬಹುದು. ಅದರ ಬದಲು ‘ಪ್ರೊ’ ವಿಭಾಗಕ್ಕೆ ಹೋಗಿ, ಫೋಕಸನ್ನು ಅನಂತದ ಗುರುತಿಗೆ ತಂದು, ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) 800ರ ಆಸುಪಾಸಿನಲ್ಲಿಟ್ಟು, ಒಂದು ಫೋಟೊವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಇನ್ನೊಂದನ್ನು ಪೂರ್ತಿ ಹತ್ತು ಸೆಕೆಂಡಿನಲ್ಲಿ ತೆಗೆಯಿರಿ. ಶಟರ್ ಒತ್ತಿದಾಗ ಕೈ ಅಲುಗದಂತೆ ಎರಡು ಸೆಕೆಂಡಿನ ಟೈಮರ್ ಹಾಕಿಕೊಳ್ಳಬೇಕು.

ಆ ಹತ್ತು ಸೆಕೆಂಡಿನ ಫೋಟೊ ಏಕೆ ಮುಖ್ಯವೆಂದರೆ, ಪ್ರತಿಯೊಂದು ಬಗೆಯ ಬೆಳಕೂ ಅದರಲ್ಲಿ ತನ್ನದೇ ಗೆರೆ ಬರೆಯುತ್ತದೆ. ಉಪಗ್ರಹವಾದರೆ ತಡೆಯಿಲ್ಲದ ನೇರ ಗೆರೆ. ವಿಮಾನದ ಮಿನುಗು ದೀಪ ನಿಮಿಷಕ್ಕೆ 40ರಿಂದ 100 ಸಲ ಹೊಳೆಯುವುದರಿಂದ ಅದರ ಗೆರೆಯ ಉದ್ದಕ್ಕೂ ಸಮದೂರದಲ್ಲಿ ಚುಕ್ಕೆಗಳು ಬೀಳುತ್ತವೆ. ಉಲ್ಕೆಯ ಗೆರೆ ಎರಡೂ ತುದಿಯಲ್ಲಿ ಸಪೂರ, ನಡುವೆ ದಪ್ಪ. ಮುಂಗಾರಿನ ಮುಂಚೆ ತೋಟದಲ್ಲಿ ತುಂಬಿಕೊಳ್ಳುವ ಮಿಂಚುಹುಳಗಳು ಹಳದಿ ಮಿಶ್ರಿತ ಹಸಿರಿನ ತುಂಡು ಗೆರೆಗಳನ್ನು ಬಿಡುತ್ತವೆ. ಡ್ರೋನ್ ಆದರೆ ಗೆರೆ ನಿಲ್ಲುತ್ತದೆ, ತಿರುಗುತ್ತದೆ, ಮತ್ತೆ ಹೊರಡುತ್ತದೆ.

ಕೊಡಗಿನಲ್ಲಿ ಬಲು ಸುಲಭವಾಗಿ ಕಣ್ಣು ತಪ್ಪಿಸುವುದು ಬೆಟ್ಟದ ಮೇಲಿನ ದೀಪ. ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಟ್ಟದ ಅಂಚು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಮಾಂದಲಪಟ್ಟಿಗೆ ಹತ್ತುವ ಜೀಪಿನ ಹೆಡ್‌ಲೈಟು, ಸಂಪಾಜೆ ಘಾಟಿಯ ತಿರುವಿನಲ್ಲಿ ನಮ್ಮತ್ತ ತಿರುಗುವ ಲಾರಿಯ ದೀಪ, ಮಂಜಿನ ಮೇಲೆ ಇಣುಕುವ ಟವರಿನ ಕೆಂಪು ದೀಪ, ಇವೆಲ್ಲವೂ ಗಾಳಿಯಲ್ಲಿ ತೇಲುವಂತೆಯೇ ತೋರುತ್ತವೆ. ಮನೆಯ ಅಥವಾ ಬೀದಿಯ ದೀಪವೆಂಬ ಅನುಮಾನವಿದ್ದರೆ ಒಂದು ಉಪಾಯವಿದೆ: ಅರ್ಧ ಸೆಕೆಂಡಿನ ಶಟರ್ ಇಟ್ಟು, ಫೋಟೊ ತೆಗೆಯುತ್ತಲೇ ಮೊಬೈಲನ್ನು ಬೇಕೆಂದೇ ಅಡ್ಡಕ್ಕೆ ಬೀಸಿ. ನಮ್ಮ ವಿದ್ಯುತ್ ಜಾಲದ 50 ಹರ್ಟ್ಸ್‌ಗೆ ಅನುಗುಣವಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುವುದರಿಂದ ಅವುಗಳ ಗೆರೆ ಮಣಿ ಪೋಣಿಸಿದಂತೆ ಬರುತ್ತದೆ. ಗ್ರಹದ ಗೆರೆಯಲ್ಲಿ ಅಂಥ ಮಣಿಗಳಿರುವುದಿಲ್ಲ. ಒಳ್ಳೆಯ ಗುಣಮಟ್ಟದ ಎಲ್‌ಇಡಿಗಳು ಮಿಣುಕದೆಯೂ ಇರಬಹುದಾದ್ದರಿಂದ, ಮಣಿ ಕಂಡರೆ ದೀಪವೆಂದು ತೀರ್ಮಾನಿಸಬಹುದೇ ಹೊರತು ಕಾಣದಿದ್ದರೆ ದೀಪವಲ್ಲವೆಂದು ಹೇಳಲಾಗದು.

ಮಡಿಕೇರಿ ದಸರಾದ ಮಂಟಪಗಳ ರಾತ್ರಿ ಮೇಲಕ್ಕೆ ಬಿಡುವ ಬೆಳಕಿನ ಕಿರಣಗಳು ತಗ್ಗಿನ ಮೋಡಕ್ಕೆ ತಾಗಿ ದುಂಡನೆಯ ಬಿಳಿ ಮಚ್ಚೆಗಳಾಗಿ ಓಡಾಡುವುದುಂಟು. ಹುತ್ತರಿಯ ರಾತ್ರಿಯ ಪಟಾಕಿ, ಹೊಸವರ್ಷಕ್ಕೆ ಹಾರಿಬಿಡುವ ಕಾಗದದ ದೀಪ, ಮದುವೆಯ ಡ್ರೋನ್ ಇವುಗಳನ್ನು ಅಕ್ಕಪಕ್ಕದವರನ್ನು ವಿಚಾರಿಸಿಯೇ ಪತ್ತೆಮಾಡಬಹುದು. ಒಂದರ ಹಿಂದೊಂದು ಸಾಲಾಗಿ ಸಾಗುವ ಚುಕ್ಕೆಗಳು ಕಂಡರೆ ಅವು ಆಗತಾನೇ ಉಡಾವಣೆಯಾದ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ 60 ಉಪಗ್ರಹಗಳು ಮೇಲೇರಿದಂದಿನಿಂದ ಈ ದೃಶ್ಯ ಜಗತ್ತಿನಾದ್ಯಂತ ಜನರನ್ನು ಬೆರಗುಗೊಳಿಸಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಮುಸ್ಸಂಜೆ ಅಥವಾ ನಸುಕಿನಲ್ಲಿ ಐದಾರು ನಿಮಿಷದೊಳಗೆ ಆಕಾಶವನ್ನು ದಾಟುತ್ತದೆ, ಭೂಮಿಯ ನೆರಳು ಹೊಕ್ಕಾಗ ನಡು ಆಕಾಶದಲ್ಲೇ ಮಾಯವಾಗುತ್ತದೆ. ಇವುಗಳ ವೇಳಾಪಟ್ಟಿ ಹೆವೆನ್ಸ್-ಅಬವ್ ತಾಣದಲ್ಲಿ ಊರಿನ ಹೆಸರು ಕೊಟ್ಟರೆ ಸಿಗುತ್ತದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಉರಿಯುತ್ತ ಸಾಗಿದ ಬೆಳಕಿನ ಸಾಲಿನ ವಿಡಿಯೊಗಳನ್ನು ನೀವು ನೋಡಿರಬಹುದು. ಅದು ವಾತಾವರಣಕ್ಕೆ ಮರಳಿ ಬಿದ್ದ ಚೀನಾದ ರಾಕೆಟ್ಟಿನ ಭಾಗವೆಂದು ತಜ್ಞರು ಗುರುತಿಸಿದರು; ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೊಂದು ಸಿಕ್ಕಿತ್ತು. ಹಲವು ಊರುಗಳ ಜನ ತಮ್ಮ ತಮ್ಮ ಜಾಗದಿಂದ ಅದನ್ನು ಚಿತ್ರೀಕರಿಸಿದ್ದರು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಫೋಟೊದ ಹುರುಪಿನಲ್ಲಿ ಬೆಳಕಿನ ಬೆನ್ನುಹತ್ತಿ ಕತ್ತಲೆಯ ತೋಟಕ್ಕೆ ಇಳಿಯಬೇಡಿ. ಕಾಫಿ ಗಿಡಗಳ ಮರೆಯಲ್ಲಿ ಆನೆ ನಿಂತಿದ್ದರೆ ಹತ್ತು ಹೆಜ್ಜೆ ದೂರದಲ್ಲೂ ಗೊತ್ತಾಗುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ. ಆ ಬೆಳಕಿನತ್ತ ಲೇಸರ್ ಬಿಡುವುದೂ ಸಲ್ಲದು. ಅದು ವಿಮಾನವಾಗಿದ್ದರೆ ಪೈಲಟ್‌ನ ಕಣ್ಣು ಕುಕ್ಕಿ ನೂರಾರು ಪ್ರಯಾಣಿಕರಿಗೆ ಅಪಾಯವಾಗುತ್ತದೆ.

ಫೋಟೊ ತೆಗೆದ ಮೇಲೆ ಒಂದು ನಿಮಿಷದ ವಿಡಿಯೊ ಮಾಡಿ, ಅದರಲ್ಲಿ ನಿಮ್ಮ ದನಿಯಲ್ಲೇ ಸಮಯ, ನಿಂತಿರುವ ಜಾಗ, ಮೋಡ ಎಷ್ಟಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಹೇಳಿಬಿಡಿ. ಮರುದಿನ ಬರೆದಿಟ್ಟ ನೆನಪಿಗಿಂತ ಇದು ಎಷ್ಟೋ ಮೇಲು. ಎತ್ತರ ಅಳೆಯಲು ಕೈಯನ್ನು ನೇರವಾಗಿ ಚಾಚಿ ಮುಷ್ಟಿ ಹಿಡಿದರೆ ಸಾಕು: ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಒಂದು ಡಿಗ್ರಿ. ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಕಾಗುತ್ತದೆ, ಆದರೆ ಜೀಪಿನ ಬಾನೆಟ್ಟಿನ ಮೇಲೋ ಕಬ್ಬಿಣದ ಗೇಟಿನ ಪಕ್ಕದಲ್ಲೋ ಇಟ್ಟು ನೋಡಬೇಡಿ. ಬೇರೆ ಕ್ಯಾಮೆರಾ ಬಳಸುವುದಾದರೆ ಅದರ ಗಡಿಯಾರ ಹಿಂದೆ ಮುಂದೆ ಇರುವುದೇ ಹೆಚ್ಚು. ಮೊಬೈಲಿನ ಪರದೆಯ ಮೇಲಿನ ಸಮಯವನ್ನು ಆ ಕ್ಯಾಮೆರಾದಲ್ಲೇ ಒಂದು ಫೋಟೊ ತೆಗೆದಿಟ್ಟರೆ ವ್ಯತ್ಯಾಸ ಎಷ್ಟೆಂದು ಆಮೇಲೆ ಲೆಕ್ಕ ಹಾಕಬಹುದು. ಮೂಲ ಫೈಲನ್ನು ಕತ್ತರಿಸದೆ, ಬೆಳಕು ಹೆಚ್ಚಿಸದೆ ಹಾಗೆಯೇ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗೆ ದಾಖಲಾಗಿದ್ದ ಸಮಯ, ಶಟರ್ ವೇಗ, ಸ್ಥಳದ ವಿವರಗಳೂ ಅಳಿಸಿಹೋಗುತ್ತವೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಎಲ್ಲವೂ ಉಳಿಯುತ್ತದೆ. ನೀವು ಹಾಗೆ ಕಳಿಸಿದ್ದರಿಂದಲೇ ಹಸಿರು ಚುಕ್ಕೆಯ ಜಾಗವನ್ನು ಪಿಕ್ಸೆಲ್ ಲೆಕ್ಕದಲ್ಲಿ ಅಳೆಯಲು ನನಗೆ ಸಾಧ್ಯವಾಯಿತು.

ಇಷ್ಟೆಲ್ಲ ಮಾಡಿದರೂ ಒಂದೇ ಜಾಗದ ಫೋಟೊದಿಂದ ದೂರ ತಿಳಿಯುವುದಿಲ್ಲ, ದೂರ ತಿಳಿಯದೆ ಗಾತ್ರವೂ ವೇಗವೂ ತಿಳಿಯುವುದಿಲ್ಲ. ಅಮೆರಿಕದ ನೌಕಾಪಡೆಯ ‘ಗೋಫಾಸ್ಟ್’ ಎಂಬ ವಿಡಿಯೊದಲ್ಲಿ ಸಮುದ್ರಕ್ಕೆ ತಾಗಿಕೊಂಡು ಮಿಂಚಿನ ವೇಗದಲ್ಲಿ ಓಡುವಂತೆ ಕಾಣುವ ವಸ್ತು, ನಾಸಾ ತಂಡ ಪರದೆಯ ಮೇಲಿನ ಅಂಕಿಗಳಿಂದ ಲೆಕ್ಕ ಹಾಕಿದಾಗ, ಸುಮಾರು 13,000 ಅಡಿ ಎತ್ತರದಲ್ಲಿ ಗಂಟೆಗೆ ಸುಮಾರು 65 ಕಿಲೊಮೀಟರ್ ವೇಗದಲ್ಲಿ ಸಾಗುತ್ತಿತ್ತು. ಆ ರಭಸವೆಲ್ಲ ಚಿತ್ರ ತೆಗೆಯುತ್ತಿದ್ದ ವಿಮಾನದ ಸ್ವಂತ ವೇಗದಿಂದ ಹುಟ್ಟಿದ್ದು.

ಆದ್ದರಿಂದ ವಿರಾಜಪೇಟೆಯ ಕಡೆ ನಿಮ್ಮ ಬಂಧುಗಳೋ ಸ್ನೇಹಿತರೋ ಇದ್ದರೆ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ನಾಪೋಕ್ಲಿನಿಂದ ವಿರಾಜಪೇಟೆಗೆ ನೇರ ದೂರ ಸುಮಾರು 17 ಕಿಲೊಮೀಟರ್. ಬೆಳಕು ಕಂಡ ತಕ್ಷಣ ಫೋನ್ ಮಾಡಿ, ಇಬ್ಬರೂ ಒಂದೇ ನಿಮಿಷದಲ್ಲಿ ಫೋಟೊ ತೆಗೆದು ದಿಕ್ಕು ಬರೆದಿಟ್ಟರೆ ಸಾಕು. ನಿಮಗೆ 200 ಡಿಗ್ರಿಯ (ಉತ್ತರವನ್ನು ಸೊನ್ನೆಯೆಂದು ಹಿಡಿದು ಬಲಕ್ಕೆ ಎಣಿಸಿದಾಗ) ದಿಕ್ಕಿನಲ್ಲಿ, 30 ಕಿಲೊಮೀಟರ್ ದೂರದಲ್ಲಿ ಇರುವ ವಿಮಾನ ಅವರಿಗೆ ಸುಮಾರು 235 ಡಿಗ್ರಿಯಲ್ಲಿ ಕಾಣುತ್ತದೆ. ನಿಮ್ಮಿಂದ ಎರಡು ಕಿಲೊಮೀಟರ್ ದೂರದ ಡ್ರೋನ್ ಆಗಿದ್ದರೆ ಅದು ಅವರಿಗೆ ವಾಯವ್ಯ ದಿಕ್ಕಿಗೆ ಬರಬೇಕು, ವಾಸ್ತವವಾಗಿ ಕಾಣಿಸಲಿಕ್ಕೇ ಇಲ್ಲ. ಶುಕ್ರನಾದರೆ ಇಬ್ಬರಿಗೂ ಒಂದೇ ದಿಕ್ಕು, ಒಂದೇ ಎತ್ತರ. ಎರಡು ದಿಕ್ಕುಗಳನ್ನು ಕೊಡಗಿನ ನಕ್ಷೆಯ ಮೇಲೆ ಸ್ಕೇಲಿನಿಂದ ಎಳೆದು, ಗೆರೆಗಳು ಎಲ್ಲಿ ಕೂಡುತ್ತವೆ ಎಂದು ನೋಡಿ. ಆ ನಕ್ಷೆಯನ್ನೂ ಎರಡೂ ಮೂಲ ಫೈಲುಗಳನ್ನೂ ಒಟ್ಟಿಗೆ ಕಳಿಸಿದರೆ, ಎತ್ತರವನ್ನೂ ವೇಗವನ್ನೂ ನಾನು ಲೆಕ್ಕ ಹಾಕಿ ತಿಳಿಸುತ್ತೇನೆ.